ಅಪ್ಪನ ‘ಇಳಿತ’ದಲ್ಲಿ ನನ್ನ ದನಿ

ಅಪ್ಪ ಒಬ್ಬನೇ ಹಾಡಿ, ಒಬ್ಬನೇ ನುಡಿಸಿ ಮಾಡಿದ ಕ್ಯಾಸೆಟ್ ಒಂದೇ ಒಂದು. ಅದರ ಹೆಸರು ‘ಇಳಿತ’. ಅದರ ಎರಡನೇ ಬದಿಯಲ್ಲಿ, ದೋಣಿಯ ಹಾಡಿನ ನಡುವೆ, ನಾನಿದ್ದೇನೆ. ಮುಚ್ಚಿದ ಬಾಗಿಲಿನ ಆಚೆಯಿಂದ ಒಬ್ಬಳು ಹುಡುಗಿ ‘ಅಪ್ಪಾ... ಅಪ್ಪಾ...’ ಎಂದು ಕರೆಯುತ್ತಾಳೆ. ಹಾಡು ನಿಲ್ಲುವುದಿಲ್ಲ. ಯಾರೋ ಪುಣ್ಯಾತ್ಮರು ಈಗ ಅದನ್ನು ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಹೆಚ್ಚು ಜನ ಕೇಳಿಲ್ಲ, ಆದರೆ ಕೇಳಿದವರೆಲ್ಲ ಕೆಳಗೆ ಏನಾದರೂ ಬರೆದು ಹೋಗಿದ್ದಾರೆ. ಆ ಮಗುವಿನ ಕರೆಗಾಗಿಯೇ ಈ ಹಾಡನ್ನು ಮತ್ತೆ ಮತ್ತೆ ಕೇಳುತ್ತೇನೆ ಎಂದು ಒಬ್ಬರು. ರೆಕಾರ್ಡ್ ಮಾಡುವಾಗ ಬಾಗಿಲು ಹಾಕಿಕೊಳ್ಳುವಷ್ಟೂ ಬುದ್ಧಿ ಇರಲಿಲ್ಲವೇ ಎಂದು ಇನ್ನೊಬ್ಬರು. ಇಬ್ಬರ ನಡುವೆ ಜಗಳ ಶುರುವಾಗಿ ಉದ್ದಕ್ಕೆ ಬೆಳೆದಿದೆ. ಓದಿದರೆ ನಗು ಬರಬೇಕು. ನನಗೆ ಬರುವುದಿಲ್ಲ. ಆ ಜಗಳವನ್ನು ನಾನು ಬಹಳ ಹಿಂದೆ, ನಮ್ಮ ಮನೆಯ ಹೊರಕೋಣೆಯಲ್ಲಿ, ಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದೇನೆ.

ಹೊನ್ನಾವರದ ಪೇಟೆಯಿಂದ ಬಂದರದ ಕಡೆಗೆ ಇಳಿಯುವ ಗಲ್ಲಿಯಲ್ಲಿ ನಮ್ಮ ಮನೆ. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದಿನದು ಅಪ್ಪನ ಅಂಗಡಿ. ಸುಟ್ಟ ಪಂಪು, ಮಿಕ್ಸರು, ಫ್ಯಾನುಗಳನ್ನು ಜನ ತಂದು ಹಾಕುತ್ತಿದ್ದರು. ಅಪ್ಪ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತಿ ವಾರ್ನಿಶ್ ಹಚ್ಚಿ ಕೊಡುತ್ತಿದ್ದ. ಆ ವಾರ್ನಿಶ್ ವಾಸನೆ ನಮ್ಮ ಅನ್ನಕ್ಕೂ ಹತ್ತಿಕೊಂಡಿರುತ್ತಿತ್ತು. ಭಾನುವಾರ ಮಾತ್ರ ಮೋಟಾರುಗಳನ್ನೆಲ್ಲ ಗೋಡೆಗೆ ಸರಿಸಿ ಚಾಪೆ ಹಾಸಿದರೆ ಅದೇ ಹೊರಕೋಣೆ. ನಡುವಿನ ಕೋಣೆಯಲ್ಲಿ ಅಪ್ಪನ ಬ್ಯಾಂಡಿನ ಸ್ಪೀಕರುಗಳು, ನನಗಿಂತ ಎತ್ತರದವು, ಕರಿ ಬಟ್ಟೆ ಹೊದ್ದು ನಿಂತಿರುತ್ತಿದ್ದವು. ಅವುಗಳ ಪಕ್ಕದಲ್ಲೇ ನಮ್ಮ ಹಾಸಿಗೆ. ಹಿಂದಿನದು ಅಡುಗೆಮನೆ, ಅದರಾಚೆ ಬಾವಿ, ಒಂದು ತೆಂಗಿನಮರ, ಆಯಿ ಮೀನು ಹೆಚ್ಚುವ ಕಲ್ಲು. ಆಯಿ ಅಂದರೆ ನನ್ನ ತಾಯಿ. ಅಡುಗೆಮನೆಯಿಂದ ಅಂಗಡಿಗೆ ಕೇಳುವ ಹಾಗೆ ಅವಳು ದಿನಕ್ಕೆ ಹತ್ತಾರು ಸಲ ಕೂಗುತ್ತಿದ್ದಳು, ‘ಹೋಯ್, ಕೇಳ್ತಾ?’ ಎಂದು. ಗಂಡನ ಹೆಸರು ಹಿಡಿದು ಕರೆಯದ ಹೆಂಗಸರೆಲ್ಲ ಹಾಗೆಯೇ ಕರೆಯುತ್ತಿದ್ದರು. ‘ಹಾಂ, ಬಂದೆ’ ಎಂದು ಅಪ್ಪ ಹೇಳಿದರೆ ಊಟಕ್ಕೆ ಮಣೆ ಬೀಳುತ್ತಿತ್ತು.

ಅಪ್ಪ ‘ಉಬ್ಬರ’ ಎಂಬ ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ನಾಲ್ಕು ಜನರ ಬ್ಯಾಂಡು. ಹಾಡುವವನು ನಮ್ಮೂರಿನವನೇ ಆದ ವಿಲ್ಸನ್. ಕಾಲೇಜಿನ ಗ್ಯಾದರಿಂಗು, ಓಂ ಬೀಚಿನ ಗುಡಿಸಲು ಹೋಟೆಲುಗಳು, ಒಮ್ಮೊಮ್ಮೆ ಕಾರವಾರ, ಗೋವಾ. ಕನ್ನಡದಲ್ಲಿ ರಾಕ್ ಹಾಡುತ್ತಾರೆ ಎಂಬುದೇ ದೊಡ್ಡ ಸುದ್ದಿಯಾಗಿದ್ದ ಕಾಲ. ಎರಡು ಕ್ಯಾಸೆಟ್ ಬಂದು, ಕುಮಟಾದಿಂದ ಭಟ್ಕಳದವರೆಗೆ ಬಸ್ಸಿನ ಹುಡುಗರು ಕೂಡ ಅವನ್ನು ಹಾಕುತ್ತಿದ್ದರು. ವೇದಿಕೆಯ ಮೇಲೆ ವಿಲ್ಸನ್ ಕುಣಿಯುವಾಗ ಅಪ್ಪ ಹಿಂದಿನ ಕತ್ತಲಲ್ಲಿ ಸ್ಪೀಕರಿಗೆ ಒರಗಿ ನಿಂತು, ಕಾಲ ಹೆಬ್ಬೆರಳು ಮಾತ್ರ ಅಲ್ಲಾಡಿಸುತ್ತಿದ್ದ. ಆದರೂ ಅಭಿಮಾನಿಗಳು ಬರುತ್ತಿದ್ದದ್ದು ನಮ್ಮ ಮನೆಗೆ. ಉಳಿದ ಮೂವರ ಮನೆಯಲ್ಲಿ ಕೂರಲು ಜಾಗವಿರಲಿಲ್ಲ, ಅಥವಾ ಕೂತವರಿಗೆ ಚಾ ಕೊಡುವ ಆಯಿ ಇರಲಿಲ್ಲ. ಭಾನುವಾರದ ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ ಮುಗಿಯುವ ಹೊತ್ತಿಗೆ ಗಲ್ಲಿಯಲ್ಲಿ ಚಪ್ಪಲಿ ಸದ್ದು. ಅವರಲ್ಲಿ ಇಬ್ಬರು ಒಂದು ವಾರವೂ ತಪ್ಪಿಸಿದವರಲ್ಲ. ಒಬ್ಬ ಕುಮಟಾದ ಮಂಜಣ್ಣ, ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟವನು, ತೆಳ್ಳಗೆ, ಮಾತಾಡುವಾಗ ಕಣ್ಣು ಮುಚ್ಚುವವನು. ಇನ್ನೊಬ್ಬ ಭಟ್ಕಳದ ಫಯಾಜಣ್ಣ, ಬಟ್ಟೆ ಅಂಗಡಿಯವನು, ಅಗಲ ಎದೆ, ಪಿಸುಗುಟ್ಟಿದರೂ ಗಲ್ಲಿಗೆಲ್ಲ ಕೇಳುವ ದನಿ. ಇಬ್ಬರೂ ನನಗೆ ಚಾಕಲೇಟು ತರುತ್ತಿದ್ದರು. ಇಬ್ಬರೂ ಅಪ್ಪನನ್ನು ‘ಗಣಪಣ್ಣ’ ಎನ್ನುತ್ತಿದ್ದರು.

ಒಂದು ಮಳೆಗಾಲ ಮುಗಿದ ಮೇಲೆ ಅಪ್ಪ ಬ್ಯಾಂಡು ಬಿಟ್ಟ. ಜಗಳವಾಡಲಿಲ್ಲ, ಕಾರಣ ಹೇಳಲಿಲ್ಲ. ವಿಲ್ಸನ್ ಎರಡು ಸಲ ಬಂದು ಕೂತು ಹೋದ. ‘ಸಾಕು ಮಾರಾಯ’ ಎಂದಷ್ಟೇ ಹೇಳಿದ ಅಪ್ಪ, ಮೋಟಾರಿನ ಮೇಲಿಂದ ಕಣ್ಣೆತ್ತಲಿಲ್ಲ. ಆಮೇಲೆ ಬಂದ ಬೇಸಿಗೆ ರಜೆಯಲ್ಲಿ ಎಲ್ಲಿಂದಲೋ ಒಂದು ರೆಕಾರ್ಡಿಂಗ್ ಯಂತ್ರ ಎರವಲು ತಂದು, ನಡುವಿನ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಹಾಡತೊಡಗಿದ. ಡ್ರಮ್ ಇಲ್ಲ, ಬೇರೆ ಗಿಟಾರು ಇಲ್ಲ. ಬೇಸಿನ ದಪ್ಪ ತಂತಿ ಮತ್ತು ಅಪ್ಪನ ಗಂಟಲು. ಆ ದಿನಗಳಲ್ಲೇ ಒಂದು ಬೆಳಿಗ್ಗೆ, ಆಯಿ ಮೀನುಪೇಟೆಗೆ ಹೋಗಿದ್ದಾಗ, ಗಲ್ಲಿಯಲ್ಲಿ ಆಡುತ್ತಿದ್ದ ನಾನು ಬಾಟಲಿ ಚೂರು ತುಳಿದೆ. ಚೂರು ಪಾದದೊಳಗೆ ಮುರಿದು ಕೂತಿತು. ಅಂಗಡಿ ಮುಂದಿನ ಸಿಮೆಂಟಿನ ಮೇಲೆ ರಕ್ತ ಬಿತ್ತು. ಕುಂಟುತ್ತ ಒಳಗೆ ಬಂದು ನಡುವಿನ ಕೋಣೆಯ ಬಾಗಿಲ ಹತ್ತಿರ ನಿಂತು ಕರೆದೆ. ಒಳಗೆ ಅಪ್ಪ ಹಾಡುತ್ತಲೇ ಇದ್ದ. ಮತ್ತೆ ಕರೆದೆ. ಹಾಡು ಒಂದು ಎಳೆಯಷ್ಟೂ ತಡವರಿಸಲಿಲ್ಲ. ಬಾಗಿಲು ಬಡಿಯುವ ಧೈರ್ಯ ನನಗೆ ಬರಲಿಲ್ಲ. ನನ್ನ ಮೇಲೆ ಏನೋ ಸಿಟ್ಟಿರಬೇಕು ಅಂದುಕೊಂಡೆ. ಹೊರಗೆ ಬಂದು ಮನೆಯ ಬದಿಯ ಓಣಿಯಿಂದ ಹಿತ್ತಲಿಗೆ ಹೋಗಿ ಮೀನಿನ ಕಲ್ಲಿನ ಮೇಲೆ ಕೂತೆ. ಆಯಿ ಬಂದು ನೋಡಿ ಬುಟ್ಟಿ ಬಿಸಾಕಿದಳು.

“ಅಪ್ಪನ ಕರೀಲಿಲ್ವನೇ?”

“ಇಲ್ಲ” ಅಂದೆ. ಕರೆದೆ, ಬರಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಆಯಿ ಚೂರು ತೆಗೆದು ಅರಿಶಿನ ಒತ್ತಿ ಸೀರೆಯ ಚಿಂದಿ ಕಟ್ಟಿದಳು. ಅಪ್ಪ ಹಾಡು ಮುಗಿಸಿ ಹೊರಬಂದು, ‘ಅಯ್ಯೋ, ಎಂತಾ ಆತು?’ ಎಂದು ಗಾಬರಿಯಾಗಿ ನನ್ನನ್ನು ಎತ್ತಿಕೊಂಡಾಗ ನಾನು ಅವನ ಮುಖವನ್ನೇ ನೋಡಿದೆ. ಕೇಳಿಸಿಕೊಂಡೂ ಬಾರದವನ ಮುಖ ಅದಾಗಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

ಮಳೆ ಹಿಡಿಯುವ ಮೊದಲು ‘ಇಳಿತ’ ಬಂತು. ಮಂಜಣ್ಣನೇ ಎಲ್ಲಿಯೋ ಪ್ರತಿ ಮಾಡಿಸಿದ್ದು. ರಟ್ಟಿನ ಪೆಟ್ಟಿಗೆಗಳಲ್ಲಿ ಬಂದ ಕ್ಯಾಸೆಟ್ಟುಗಳು ಸ್ಪೀಕರುಗಳ ಮೇಲೆ ಏರಿ ಕೂತವು; ಆಮೇಲೆ ಹೆಚ್ಚಿನವು ಅಲ್ಲೇ ಉಳಿದವು. ಮೊದಲ ಭಾನುವಾರ ಹೊರಕೋಣೆ ತುಂಬ ಜನ. ಹಾಡು ಹಾಕುತ್ತಾರೆ ಎಂದಕೂಡಲೇ ಅಪ್ಪ ನಾಚಿಕೊಂಡು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತ. ತನ್ನ ಹಾಡು ತಾನು ಕೂತು ಕೇಳುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇರಲಿಲ್ಲ. ಎರಡನೇ ಬದಿ ತಿರುಗಿಸಿದರು. ದೋಣಿಯ ಹಾಡು ಬಂತು:

ಕಟ್ಟಿದ ಹಗ್ಗ ಬಿಚ್ಚಿಟ್ಟೆ, ದೋಣಿ ತಾನೇ ಹೋಗಲಿ,
ದಡದ ಮೇಲಿಂದ ಯಾರೂ ನನ್ನ ಹೆಸರು ಕೂಗದಿರಲಿ.

ಆ ಎರಡು ಸಾಲುಗಳ ನಡುವಿನಿಂದ ನನ್ನ ದನಿ ಎದ್ದಿತು. ‘ಅಪ್ಪಾ... ಅಪ್ಪಾ...’ ಕೋಣೆಯಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಚಾ ತಟ್ಟೆ ಹಿಡಿದು ಬಂದಿದ್ದ ಆಯಿ ಬಾಗಿಲಲ್ಲೇ ನಿಂತಳು. ಅವಳ ಕೈಯಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದದ್ದು ನನಗೆ ನೆನಪಿದೆ. ಹಾಡು ಮುಗಿದ ಮೇಲೆ ಮಂಜಣ್ಣ ಕಣ್ಣು ಮುಚ್ಚಿಯೇ ಹೇಳಿದ:

“ಇದು ಸಂಸಾರ ಬಿಟ್ಟು ಹೋಗುವವನ ಹಾಡು. ಹಿಂದಿನಿಂದ ಸ್ವಂತ ಮಗಳು ಕರೀತಾಳೆ. ಅವ ತಿರುಗಿ ನೋಡೂದಿಲ್ಲ. ಎಂಥಾ ಧೈರ್ಯ ಬೇಕು ಮಾರಾಯಾ, ಹೀಗೆ ಇಡೂಕೆ!”

“ಧೈರ್ಯನೂ ಇಲ್ಲ, ಎಂತದೂ ಇಲ್ಲ!” ಫಯಾಜಣ್ಣ ಗುಡುಗಿದ. “ಬಾಗಿಲು ಸರಿ ಹಾಕಲಿಲ್ಲ, ಮಗು ಕೂಗಿದ್ದು ಒಳಗೆ ಬಂತು, ಅಷ್ಟೇ. ಮತ್ತೆ ಟ್ರೆಬಲ್ ಎಲ್ಲಿ, ಆ ಚೂಪು ಸದ್ದು? ನೀರಿನೊಳಗೆ ಕೂತು ಹಾಡಿದ ಹಾಗಿದೆ. ಉಬ್ಬರದಲ್ಲಿ ನುಡಿಸಿದ ಕೈ ಇದು ಅಂದ್ರೆ ಯಾರು ನಂಬ್ತಾರೆ? ಖರಾಬ್ ಇದೆ, ಖರಾಬ್.”

ಅಲ್ಲಿಂದ ಎರಡು ಪಕ್ಷವಾಯಿತು. ‘ಇಳಿತ’ವೇ ಗಣಪಣ್ಣನ ನಿಜವಾದ ಕೆಲಸ, ಉಬ್ಬರವೆಲ್ಲ ಬರೀ ಗದ್ದಲ ಎಂದು ಮಂಜಣ್ಣನ ಕಡೆಯವರು. ಅವರಿಗೆ ಅದರ ಮಬ್ಬು ಸದ್ದೂ ಒಂದು ದೊಡ್ಡ ವಿಚಾರ. ಬೇಕೆಂದೇ ಹೊಳಪು ತೆಗೆದಿದ್ದಾನೆ, ದಡ ದೂರಾಗುವಾಗ ಸದ್ದು ಹಾಗೆಯೇ ಮಸುಕಾಗುತ್ತದೆ ಎನ್ನುತ್ತಿದ್ದರು. ಬ್ಯಾಂಡಿಗೆ ‘ಉಬ್ಬರ’ ಅಂತ ಹೆಸರಿರುವಾಗ ಇದಕ್ಕೆ ‘ಇಳಿತ’ ಎಂದಿಟ್ಟದ್ದೇ ಗೆಳೆಯರ ಮುಖಕ್ಕೆ ಉಗಿದ ಹಾಗೆ, ಇದನ್ನು ಹೊಗಳಿ ಹೊಗಳಿ ನೀವು ಅವನನ್ನು ಬ್ಯಾಂಡಿಗೆ ವಾಪಸ್ ಹೋಗಲು ಬಿಡುತ್ತಿಲ್ಲ ಎಂದು ಫಯಾಜಣ್ಣನ ಕಡೆಯವರು. ಹೊರಗಿನ ಪ್ರಪಂಚಕ್ಕೆ ಆ ಕ್ಯಾಸೆಟ್ ಬಂದದ್ದೇ ಗೊತ್ತಾಗಲಿಲ್ಲ. ನಮ್ಮ ಹೊರಕೋಣೆಯಲ್ಲಿ ಮಾತ್ರ ಪ್ರತಿ ಭಾನುವಾರ ಅದರ ಮೇಲೆ ಯುದ್ಧ. ಹಾಡು ಹಾಕಿದಾಗೆಲ್ಲ ಅಪ್ಪ ಬಾವಿಕಟ್ಟೆಗೆ ಹೋಗುತ್ತಿದ್ದ. ವಾದ ಜೋರಾದಾಗ ಬಂದು ಕೂತು ಮುಗುಳ್ನಗುತ್ತಿದ್ದ, ಯಾವ ಕಡೆಗೂ ಸೇರದೆ. ದೊಡ್ಡ ಮನಸ್ಸು ಎಂದು ಎರಡೂ ಪಕ್ಷದವರು ಹೊಗಳುತ್ತಿದ್ದರು.

ನನ್ನ ತಲೆಯಲ್ಲಿ ಉಳಿದದ್ದು ಮಂಜಣ್ಣನ ಒಂದೇ ಮಾತು: ಇದು ಬಿಟ್ಟು ಹೋಗುವವನ ಹಾಡು. ದೊಡ್ಡವರು ಕಣ್ಣು ಮುಚ್ಚಿ ಹೇಳಿದ ಮಾತು ಸುಳ್ಳಿರಲಾರದು. ಮೇಲಾಗಿ ಅವರಿಗೆ ಗೊತ್ತಿಲ್ಲದ ಸಾಕ್ಷಿ ನನ್ನ ಬಳಿ ಇತ್ತು. ನಾನು ನಿಜವಾಗಿ ಕರೆದಿದ್ದೆ. ರಕ್ತ ಸುರಿಯುವಾಗ ಕರೆದಿದ್ದೆ. ಅವನು ನಿಜವಾಗಿ ಬಂದಿರಲಿಲ್ಲ. ಶಾಲೆಯಿಂದ ಬಂದ ಕೂಡಲೇ ಹೊಸ್ತಿಲಲ್ಲಿ ಅಪ್ಪನ ಚಪ್ಪಲಿ ಇದೆಯೇ ನೋಡುವುದು ನನ್ನ ಚಟವಾಯಿತು. ಗೂಟದ ಮೇಲೆ ಅವನ ಅಂಗಿಗಳಿವೆಯೇ, ಹಲಗೆಯ ಮೇಲೆ ಗಡ್ಡ ಹೆರೆಯುವ ಬ್ರಶ್ ಇದೆಯೇ ಎಂದು ನೋಡುತ್ತಿದ್ದೆ. ಊಟಕ್ಕೆ ಅವನ ಪಕ್ಕದಲ್ಲೇ ಕೂರುತ್ತಿದ್ದೆ, ಅವನ ಪಂಚೆಯ ತುದಿಯನ್ನು ಮೊಣಕಾಲ ಕೆಳಗೆ ಒತ್ತಿಕೊಂಡು. ಪರೀಕ್ಷೆ ಮಾಡಲೆಂದು ಹಿಂದಿನಿಂದ ಮೆಲ್ಲಗೆ ‘ಅಪ್ಪಾ’ ಎನ್ನುತ್ತಿದ್ದೆ. ಕೆಲವು ಸಲ ತಟ್ಟನೆ ತಿರುಗಿ, ‘ಎಂತದು, ಹೇಳು’ ಎನ್ನುತ್ತಿದ್ದ. ಕೆಲವು ಸಲ ಅವನ ಬೆನ್ನು ಗೋಡೆಯ ಹಾಗೆ ನಿಂತೇ ಇರುತ್ತಿತ್ತು. ಯಾವಾಗ ತಿರುಗುತ್ತಾನೆ, ಯಾವಾಗ ಇಲ್ಲ ಎಂದು ನನಗೆ ತಿಳಿಯುತ್ತಿರಲಿಲ್ಲ. ತಿರುಗದಿದ್ದ ದಿನ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಆಯಿಯೂ ಬದಲಾಗಿದ್ದಳು. ‘ಹೋಯ್, ಕೇಳ್ತಾ?’ ಎಂದು ಕೂಗುವುದನ್ನು ನಿಲ್ಲಿಸಿಬಿಟ್ಟಳು. ಊಟಕ್ಕೆ ಕರೆಯಲು ಅಂಗಡಿಯವರೆಗೆ ನಡೆದು ಬಂದು ಅವನ ಎದುರು ನಿಲ್ಲುತ್ತಿದ್ದಳು. ಒಮ್ಮೆ ಅಪ್ಪನ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಯನ್ನು ಬೇಕೆಂದೇ ನೆಲಕ್ಕೆ ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಬಿಟ್ಟು, ಅವನನ್ನೇ ದಿಟ್ಟಿಸುತ್ತ ನಿಂತಿದ್ದಳು. ಅವಳಿಗೆ ಅಪ್ಪನ ಮೇಲೆ ಅಷ್ಟು ಸಿಟ್ಟು ಎಂದು ನಾನು ಅರ್ಥ ಮಾಡಿಕೊಂಡೆ. ‘ಇಳಿತ’ ಎಂದರೆ ಅವಳಿಗೆ ಆಗುತ್ತಲೇ ಇರಲಿಲ್ಲ. ಒಂದು ದಿನ ಅಪ್ಪ ಅಂಗಡಿಗೆ ಬಂದ ಯಾರಿಗೋ ಅದನ್ನು ಕೇಳಿಸಲು ಹೊರಟಾಗ, ಅವಳು ಬಂದು ಟೇಪ್‌ರೆಕಾರ್ಡರಿನ ವೈರು ಕಿತ್ತಳು.

“ಆ ಕ್ಯಾಸೆಟ್ ನನ್ನ ಮನೇಲಿ ಹಾಕೂಕಾಗ.”

“ನಿಂಗೆ ನನ್ನ ಹಾಡು ಬ್ಯಾಡ. ವಿಲ್ಸನ್ನಂದೇ ಬೇಕು” ಅಂದ ಅಪ್ಪ, ಬಂದವರ ಎದುರೇ.

“ನಂಗೆ ಯಾರ ಹಾಡೂ ಬ್ಯಾಡ. ನಂಗೆ...” ಎಂದವಳೇ ಆಯಿ ತಿರುಗಿ ನಡೆದಳು. ಅಡುಗೆಮನೆಗೆ ಹೋಗಿ ತೆಂಗಿನಕಾಯಿ ತುರಿಯತೊಡಗಿದಳು. ಕಾಯಿ ಮುಗಿದ ಮೇಲೂ ಚಿಪ್ಪು ಕೆರೆಯುವ ಸದ್ದು ಬರುತ್ತಲೇ ಇತ್ತು. ಅಪ್ಪ ಹೋಗುತ್ತಾನೆ ಎಂದು ಆಯಿಗೂ ಗೊತ್ತಾಗಿದೆ ಅಂದುಕೊಂಡೆ. ಅವಳನ್ನು ಕೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಕೇಳಲಿಲ್ಲ. ಒಂದೇ ಮನೆಯಲ್ಲಿ ನಾವಿಬ್ಬರೂ ಬೇರೆ ಬೇರೆಯಾಗಿ ಹೆದರಿಕೊಂಡು ಬದುಕಿದೆವು.

ಮಳೆ ಬಿಟ್ಟು ಬೋಟುಗಳು ಮತ್ತೆ ಕಡಲಿಗೆ ಇಳಿದಿದ್ದವು. ಒಂದು ಸಂಜೆ ಅಪ್ಪ ಅಂಗಡಿ ಮುಚ್ಚಿ, ಚಪ್ಪಲಿ ಮೆಟ್ಟಿ, ಏನೂ ಹೇಳದೆ ಬಂದರದ ಕಡೆಗೆ ಹೊರಟ. ನಾನು ಹಿಂದೆಯೇ ಹೋದೆ, ಅವನಿಗೆ ಕಾಣದ ಹಾಗೆ, ಗೋಡೆಗೆ ತಾಗಿಕೊಂಡು. ಬಂದರದಲ್ಲಿ ಮೀನಿನ ಬುಟ್ಟಿ ಹೊತ್ತವರು, ಐಸು ಒಡೆಯುವವರು, ಒಬ್ಬರ ಕಾಲಿಗೊಬ್ಬರು. ಅಪ್ಪ ಎಲ್ಲರನ್ನೂ ದಾಟಿ, ಬೋಟುಗಳನ್ನು ಕಟ್ಟುವ ಧಕ್ಕೆಯ ಕಟ್ಟಕಡೆಗೆ ಹೋಗಿ ನೀರಿನ ಅಂಚಿನಲ್ಲಿ ನಿಂತ. ಎದುರಿಗೆ ಶರಾವತಿ ಕಡಲಿಗೆ ಸೇರುವ ಬಾಯಿ, ಕೆಂಪು ನೀರು. ಹಾಡಿನಲ್ಲಿ ಹೇಳಿದ್ದೆಲ್ಲ ಅಲ್ಲಿತ್ತು, ದೋಣಿ, ಹಗ್ಗ, ದಡ. ಅಷ್ಟರಲ್ಲಿ ಒಂದು ಬೋಟು ಧಕ್ಕೆಗೆ ತಾಗಲು ಬಂತು. ಮೇಲಿದ್ದವರು ಹಗ್ಗ ಎಸೆದರು. ಹಗ್ಗದ ಸುರುಳಿ ಅಪ್ಪನ ಕಾಲಿನ ಸುತ್ತ ಬಿತ್ತು.

“ಹೋಯ್! ಹಗ್ಗ, ಹಗ್ಗ! ಬದಿಗೆ ಸರಿ!” ಬೋಟಿನವರು ಕೂಗಿದರು. ಧಕ್ಕೆಯ ಮೇಲಿದ್ದವರೂ ಕೂಗಿದರು. ಅಪ್ಪ ಹೊಳೆಯ ಬಾಯನ್ನೇ ನೋಡುತ್ತಿದ್ದ. ಬೋಟು ಹಿಂದಕ್ಕೆ ಜಗ್ಗಿತು, ಹಗ್ಗ ಬಿಗಿಯತೊಡಗಿತು. ನಾನು ಎದೆ ಒಡೆಯುವ ಹಾಗೆ ‘ಅಪ್ಪಾ’ ಎಂದು ಕಿರುಚಿದೆ. ಅವನು ತಿರುಗಲಿಲ್ಲ. ಐಸು ಒಡೆಯುತ್ತಿದ್ದವನೊಬ್ಬ ಓಡಿಹೋಗಿ ಅವನ ಸೊಂಟಕ್ಕೆ ಕೈ ಹಾಕಿ ಈಚೆಗೆ ಎಳೆದು ಹಾಕಿದ. ಇಬ್ಬರೂ ಸಿಮೆಂಟಿನ ಮೇಲೆ ಬಿದ್ದರು. ಹಗ್ಗ ಟಣ್ಣೆಂದು ಬಿಗಿದು ಅಪ್ಪನ ಒಂದು ಚಪ್ಪಲಿಯನ್ನು ನೀರಿಗೆ ಹಾರಿಸಿತು.

“ಕಿವಿ ಎಂತಾ ಮನೇಲಿ ಇಟ್ಟು ಬಂದ್ಯಾ?” ಎಂದು ಆ ಮನುಷ್ಯ ಬೈದ. ಅಪ್ಪ ನಗಲು ನೋಡಿದ. ಆಗ ಅವನಿಗೆ ನಾನು ಕಂಡೆ.

“ನೀ ಎಂತಕ್ಕೆ ಬಂದದ್ದು ಇಲ್ಲಿಗೆ?”

“ನೀ ಬಿಟ್ಟು ಹೋಗ್ತೆ ಹೇಳಿ ಬಂದೆ.”

“ಎಲ್ಲಿಗೆ?”

ನಾನು ಮೊಣಕೈಯಿಂದ ರಕ್ತ ಸೋರುತ್ತಿದ್ದ ಅವನ ಕೈ ಹಿಡಿದುಕೊಂಡೆ. ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಒಂದು ಕಾಲು ಬರಿದಾಗಿ, ಅಪ್ಪ ನನ್ನೊಂದಿಗೆ ಗಲ್ಲಿ ಹತ್ತಿದ. ‘ಆಯಿ ಹತ್ರ ಹೇಳ್ಬ್ಯಾಡ’ ಅಂದ.

ಅದರ ಮರು ಭಾನುವಾರವೇ ಆ ಪ್ರಶ್ನೆ ಬಂತು. ಓಂ ಬೀಚಿನಲ್ಲಿ ಉಬ್ಬರದ ದೊಡ್ಡ ಕಾರ್ಯಕ್ರಮವಿದೆ, ಗಣಪಣ್ಣ ನುಡಿಸಲೇಬೇಕು ಎಂದು ಫಯಾಜಣ್ಣ ಹಟ ಹಿಡಿದಿದ್ದ. ‘ಇಳಿತ’ ಮಾಡಿದವನು ಮತ್ತೆ ಹೋಗಿ ಆ ಗದ್ದಲದಲ್ಲಿ ನಿಲ್ಲುವುದೇ ಎಂದು ಮಂಜಣ್ಣ. ಮಾತು ಸುತ್ತಿ ಸುತ್ತಿ ಆ ಮಗುವಿನ ದನಿಗೇ ಬಂತು. ಬೇಕೆಂದು ಇಟ್ಟದ್ದೋ, ತಪ್ಪಿ ಬಂದದ್ದೋ? ‘ಇವತ್ತು ಅಣ್ಣನನ್ನೇ ಕೇಳಿಬಿಡುವ’ ಅಂದ ಫಯಾಜಣ್ಣ. ಅಪ್ಪ ಚಾ ಲೋಟಗಳನ್ನು ಹಿಡಿದು ಒಳಗಿನಿಂದ ಬರುತ್ತಿದ್ದ. ಮಂಜಣ್ಣ ಎದ್ದು ಅವನ ಎದುರು ನಿಂತು, ಮುಖದಲ್ಲಿ ಮುಖ ಇಟ್ಟು ಕೇಳಿದ:

“ಅಣ್ಣಾ, ದೋಣಿ ಹಾಡಿನಲ್ಲಿ ಮಗು ಕರೆಯೂದು ನೀವು ಬೇಕಂತಲೇ ಇಟ್ಟದ್ದು, ಅಲ್ಲ?”

ಅಪ್ಪ ಒಬ್ಬೊಬ್ಬರ ಮುಖ ನೋಡಿದ.

“ಯಾವ ಮಗು?”

ಯಾರೋ ನಕ್ಕರು, ತಮಾಷೆ ಎಂದುಕೊಂಡು. ಅಪ್ಪ ನಗಲಿಲ್ಲ. ಫಯಾಜಣ್ಣ ಕ್ಯಾಸೆಟ್ ಹಾಕಿ ಆ ಜಾಗಕ್ಕೆ ಓಡಿಸಿದ. ‘ಅಪ್ಪಾ... ಅಪ್ಪಾ...’ ಎಂದಿತು ಸ್ಪೀಕರು. ಎಲ್ಲರೂ ಅಪ್ಪನನ್ನು ನೋಡುತ್ತಿದ್ದರು. ಅಪ್ಪ, ಇನ್ನೂ ಬರಬೇಕಾದ್ದನ್ನು ಕಾಯುವವನ ಹಾಗೆ, ತಲೆ ವಾರೆ ಮಾಡಿ ನಿಂತಿದ್ದ.

“ಬಂತಾ?” ಅಂದ. “ಎಲ್ಲಿ?”

ಮತ್ತೆ ಹಾಕಿದರು. ಅಪ್ಪ ಲೋಟಗಳನ್ನು ಕೆಳಗಿಟ್ಟು ಟೇಪ್‌ರೆಕಾರ್ಡರಿನ ಮುಂದೆ ಮೊಣಕಾಲೂರಿ ಕೂತು, ಅದರ ಸ್ಪೀಕರಿನ ಜಾಲರಿಗೆ ಕಿವಿ ಒತ್ತಿದ. ಒಂದು ಕಿವಿ, ಆಮೇಲೆ ಇನ್ನೊಂದು. ನನ್ನ ದನಿ ಅವನ ಕೆನ್ನೆಗೆ ತಾಗುವಷ್ಟು ಹತ್ತಿರದಿಂದ ಕರೆಯಿತು. ಅವನ ಕಣ್ಣು ಅಲ್ಲಾಡಲಿಲ್ಲ. ಬಾಗಿಲ ಸಂದಿಯಲ್ಲಿದ್ದ ನನಗೆ ಏನಾಗುತ್ತಿದೆ ಎಂದು ಅರ್ಥವಾಗುವ ಮೊದಲೇ ಅಳು ಬಂತು.

ಆಯಿ ಅಡುಗೆಮನೆಯಿಂದ ಬಂದಳು. ಭಾನುವಾರದ ಸಭೆಯೊಳಗೆ ಅವಳು ಚಾ ಕೊಡಲಲ್ಲದೆ ಕಾಲಿಟ್ಟವಳಲ್ಲ. ಬಂದು ಟೇಪ್ ನಿಲ್ಲಿಸಿ, ಅಪ್ಪನ ಎದುರು ನೆಲದ ಮೇಲೆ ಕೂತು, ಅವನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

“ಮೊದಲನೇ ದಿನವೇ ನಂಗೆ ಗೊತ್ತಾತು” ಅಂದಳು, ಒಂದೊಂದೇ ಶಬ್ದ ಬಿಡಿಸಿ. “ಮಗಳು ಕರದದ್ದು ಕೇಳಿ ಸುಮ್ಮನಿರೂ ಮನುಷ್ಯ ಅಲ್ಲ ನೀವು. ಕೇಳ್ದೇ ಇದ್ರೆ ಮಾತ್ರ ಸುಮ್ಮನಿರ್ತ್ರಿ. ನಾ ತಟ್ಟೆ ಬೀಳ್ಸಿ ನೋಡ್ದೆ. ಹಿಂದಿಂದ ಕರದು ನೋಡ್ದೆ. ನಿಮ್ಮ ಹತ್ರ ಹೇಳೂಕೆ ಹೆದರಿಕೆ ಆತು. ಹೇಳಿದ್ರೆ ನೀವು ಎಂತಾ ಆಗಿ ಹೋಗ್ತ್ರೋ ಹೇಳಿ.”

ಅಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ, ತನಗೂ ಗೊತ್ತಿತ್ತು ಎಂದು. ಇಷ್ಟು ಎಂದು ಗೊತ್ತಿರಲಿಲ್ಲ. ಎರಡು ವರ್ಷದಿಂದ ಹೆಚ್ಚಾಗುತ್ತ ಬಂದಿತ್ತು. ವೇದಿಕೆಯ ಮೇಲೆ ವಿಲ್ಸನ್ನನ ದನಿ ಒಡೆದು ಹೋಗುತ್ತಿತ್ತು, ಡ್ರಮ್ಮಿನ ತಾಳದ ತಟ್ಟೆಗಳು ಕೇಳಿಸುವುದೇ ನಿಂತಿತ್ತು, ಅದಕ್ಕೇ ಬಿಟ್ಟದ್ದು. ದಪ್ಪ ಸದ್ದು ಚೆನ್ನಾಗಿ ಕೇಳಿಸುತ್ತದೆ, ಮೋಟಾರಿನ ಗುಂಯ್‌ಗುಡುವಿಕೆ, ಬೇಸು, ಹತ್ತಿರ ಕೂತು ಆಡುವ ಗಂಡಸರ ದನಿ. ತನಗೆ ಕೇಳುವ ಸದ್ದುಗಳಲ್ಲೇ ಒಂದು ಕ್ಯಾಸೆಟ್ ಮಾಡಿಬಿಡುವ ಅಂದುಕೊಂಡ. “ಕೂಗಿದ್ರೆ ನಂಗೆ ಕೇಳೂದಿಲ್ಲ. ಕೇಳ್ದೇ ಇದ್ರೆ ಜನ ತಪ್ಪು ತಿಳೀತ್ರು. ಅದಕ್ಕೇ ಕೂಗಬೇಡಿ ಹೇಳಿ ಬರದದ್ದು” ಅಂದ. ದೋಣಿಯ ಹಾಡಿನಲ್ಲಿ ಇದ್ದದ್ದು ಅಷ್ಟೇ.

ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಬಂದರು. ಸಣ್ಣ ದನಿ, ಸೀಟಿ, ಹಕ್ಕಿ, ಮಕ್ಕಳು, ಇವೆಲ್ಲ ಹೋಗಿವೆ, ತಿರುಗಿ ಬರುವುದಿಲ್ಲ, ಉಳಿದದ್ದೂ ನಿಧಾನ ಹೋಗುತ್ತದೆ ಎಂದರಂತೆ ಡಾಕ್ಟರು. ಕೆಲವು ವಾರ ಅಪ್ಪ ಅಂಗಡಿಯ ಅರ್ಧ ಬಾಗಿಲು ಮಾತ್ರ ತೆರೆದ. ಮನೆಯಲ್ಲಿ ಹೊಸ ರೂಢಿಗಳು ಹುಟ್ಟಿದವು: ಹಿಂದಿನಿಂದ ಮಾತಾಡಬಾರದು, ಕೋಣೆಗೆ ಬರುವಾಗ ದೀಪದ ಸ್ವಿಚ್ ಒಮ್ಮೆ ಆರಿಸಿ ಹಾಕಬೇಕು, ಅವನು ರಸ್ತೆಗೆ ಹೊರಟರೆ ಯಾರಾದರೂ ಜೊತೆಗೆ ಹೋಗಬೇಕು. ಜೊತೆಗೆ ಹೋಗುತ್ತಿದ್ದವಳು ಹೆಚ್ಚಾಗಿ ನಾನೇ. ಲಾರಿಯ ಹಾರ್ನು, ಸೈಕಲ್ ಗಂಟೆ, ಬೊಗಳುವ ನಾಯಿ, ಎಲ್ಲವನ್ನೂ ಅವನ ಪರವಾಗಿ ನಾನು ಕೇಳಬೇಕಿತ್ತು. ಅಪ್ಪ ಬಿಟ್ಟು ಹೋಗುತ್ತಾನೆ ಎಂಬ ಹೆದರಿಕೆ ಹೋಯಿತು. ಅದರ ಜಾಗದಲ್ಲಿ ಬೇರೆ ಹೆದರಿಕೆ ಬಂದು ಕೂತಿತು. ಇವತ್ತಿಗೂ ನಾನು ಗಂಡನ ಹತ್ತಿರ ಮಾತಾಡುವುದಿದ್ದರೆ ಎದುರಿಗೆ ಹೋಗಿ ನಿಲ್ಲುತ್ತೇನೆ. ‘ಅಲ್ಲಿಂದಲೇ ಹೇಳು ಮಾರಾಯ್ತಿ, ಕೇಳ್ತದೆ’ ಎಂದು ಅವರು ನಗುತ್ತಾರೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ‘ಇಳಿತ’ ಹಾಕಿದ. ಆಯಿ ಬೇಡವೆನ್ನಲಿಲ್ಲ.

“ನೀ ಕರದ ಜಾಗ ಬಂದಾಗ ನನ್ನ ಕೈ ಒತ್ತು” ಅಂದ.

ದೋಣಿಯ ಹಾಡು ಬಂತು. ಜಾಗ ಬಂತು. ಒತ್ತಿದೆ. ಮತ್ತೆ ಒತ್ತಿದೆ. ಅಪ್ಪ ತಲೆಯಾಡಿಸಿದ.

“ಎಂತಕ್ಕೆ ಕರದದ್ದು ಆ ದಿನ?”

ನಾನು ಪಾದ ತಿರುಗಿಸಿ ಕಲೆ ತೋರಿಸಿದೆ. ಅವನು ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಕ್ಯಾಸೆಟ್ ಮುಗಿದು ಟಕ್ ಎಂದು ನಿಂತ ಮೇಲೂ ಹಿಡಿದೇ ಇದ್ದ. ನಿಂತದ್ದು ಅವನಿಗೆ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ.

ಅಭಿಮಾನಿಗಳು ಮತ್ತೊಮ್ಮೆ ಎರಡಾದರು, ಆದರೆ ಈ ಸಲ ಬೇರೆ ಥರ. ಸಂಗತಿ ತಿಳಿದ ಮೇಲೆ ಹೆಚ್ಚಿನವರು ‘ಇಳಿತ’ವನ್ನು ಹೊಗಳಿ ಹೊಗಳಿ ಕಣ್ಣೊರೆಸಿಕೊಂಡರು. ಮೊದಲು ಬೈದವರೂ ಹೊಗಳಿದರು. ಮಂಜಣ್ಣ ಬಂದಾಗಲೆಲ್ಲ ಅಪ್ಪನ ಕೈ ಹಿಡಿದು ತೇವಗಣ್ಣು ಮಾಡಿಕೊಂಡು ಕೂರುತ್ತಿದ್ದ. ಅವನ ವಿವರಣೆಗಳೆಲ್ಲ ಸುಳ್ಳಾದ ನೋವೂ ಅದರಲ್ಲಿ ಇತ್ತೋ ಏನೋ. ಕ್ರಮೇಣ ಬರುವುದು ಕಡಿಮೆ ಮಾಡಿದ, ಆಮೇಲೆ ನಿಲ್ಲಿಸಿದ. ಫಯಾಜಣ್ಣ ಮಾತ್ರ ಮೂರು ಭಾನುವಾರ ಮುಖ ತೋರಿಸದೆ, ನಾಲ್ಕನೆಯದಕ್ಕೆ ಬಂದು ಅಪ್ಪನ ಎದುರು ಚಕ್ಕಳಮಕ್ಕಳ ಹಾಕಿ ಕೂತ. ಬಾಯಿ ದೊಡ್ಡದು ಮಾಡಿ, ತುಟಿ ಸ್ಪಷ್ಟ ಆಡಿಸಿ, ಗಲ್ಲಿ ಅದುರುವ ಹಾಗೆ ಹೇಳಿದ:

“ಅಣ್ಣಾ, ನಿಮಗೆ ಕೇಳೂದಿಲ್ಲ, ಅದು ಬೇರೆ. ಅಲ್ಲಾನ ಮರ್ಜಿ. ಆದ್ರೆ ಕ್ಯಾಸೆಟ್ ಖರಾಬೇ. ಪಾಪ ಅಂತ ನಾನು ಚೆನ್ನಾಗಿದೆ ಅಂದ್ರೆ ಅದು ನಿಮಗೆ ಅವಮಾನ. ಮೂರನೇ ಹಾಡು ಪರವಾಗಿಲ್ಲ. ಉಳಿದದ್ದು ಖರಾಬ್!”

ಅಪ್ಪ ಅವನನ್ನು ನೋಡಿದ. ಬಂದರದಿಂದ ಬಂದ ದಿನದ ಮೇಲೆ ಅವನು ಸರಿಯಾಗಿ ನಕ್ಕದ್ದು ಆಗಲೇ. “ಮೂರನೇದೂ ಸಮ ಇಲ್ಲ ಮಾರಾಯಾ. ಐದನೇದು ಕೇಳು” ಅಂದ. “ಐದನೇದಾ?” ಎಂದು ಫಯಾಜಣ್ಣ ಅಬ್ಬರಿಸಿದ. ಆಯಿ ಒಳಗೆ ಚಾಕ್ಕೆ ನೀರಿಟ್ಟಳು.

ಆ ವಾದ ಇನ್ನೂ ಮುಗಿದಿಲ್ಲ. ಅಪ್ಪನಿಗೆ ಈಗ ಏನೂ ಕೇಳಿಸುವುದಿಲ್ಲ, ತುಟಿ ನೋಡಿಯೇ ಎಲ್ಲ. ಫಯಾಜಣ್ಣನ ಗಡ್ಡ ಪೂರ್ತಿ ಬಿಳಿಯಾಗಿ, ಮೊಣಕಾಲು ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟ. ಆದರೂ ಭಟ್ಕಳದಿಂದ ಭಾನುವಾರ ಬರುತ್ತಾನೆ. ಕೆಳದನಿಯಲ್ಲಿ ತುಟಿ ಆಡಿಸಿದರೂ ಸಾಕು ಎಂದು ಎಷ್ಟು ಹೇಳಿದರೂ ಅವನು ಕೂಗಿಯೇ ಜಗಳವಾಡುವುದು. ನಾನು ಕುಮಟಾದ ಗಂಡನ ಮನೆಯಿಂದ ಬಂದು ಬಸ್ಸಿಳಿದು ಪೇಟೆ ದಾಟುತ್ತೇನೆ. ಗಲ್ಲಿಯ ತಿರುವಿನಲ್ಲೇ ‘ಟ್ರೆಬಲ್ ಎಲ್ಲಿದೆ, ತೋರಿಸಿ ನೋಡುವ!’ ಎಂಬ ಆ ಕೂಗು ಕೇಳಿಸಿದರೆ ಹಣ್ಣಿನಂಗಡಿಯಲ್ಲಿ ನಿಂತು ಬಾಳೆಹಣ್ಣು ಆರಿಸಿಕೊಂಡು ನಿಧಾನ ಇಳಿಯುತ್ತೇನೆ. ಕೇಳಿಸದ ಭಾನುವಾರಗಳಲ್ಲಿ, ಈ ವಯಸ್ಸಿನಲ್ಲೂ, ಓಡುತ್ತೇನೆ.